ಪಂಪಿನಂಗಡಿಯ ಮೊದಲ ಗಿರಾಕಿ

ಸಣ್ಣ ಊರುಗಳಲ್ಲಿ ಹೊಸ ಉದ್ದಿಮೆ ಹೇಗೆ ಬೇರೂರುತ್ತದೆ ಎಂದು ವಿಚಾರಿಸಿಕೊಂಡು ಬರುವ ಕೆಲಸ ನನ್ನದು. ಯಾದಗಿರಿ, ಸುರಪುರ ಮುಗಿಸಿ ಶಹಾಪುರವನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೆ. ಬೆಳೆಗೆ ಔಷಧ ಹೊಡೆಯುವ ಪಂಪು ರಿಪೇರಿ ಮಾಡುವ ನನ್ನ ಗೆಳೆಯನ ಅಂಗಡಿ ಇರುವುದು ಅಲ್ಲಿ. ಸುರಪುರದಲ್ಲಿ ಇಬ್ಬರೂ ಒಟ್ಟಿಗೆ ಕೆಲಸ ಕಲಿತು, ಒಟ್ಟಿಗೇ ಈ ಅಂಗಡಿ ಇಡಬೇಕೆಂದಿದ್ದೆವು. ಇನ್ನೇನು ಶುರು ಎನ್ನುವ ವಾರದಲ್ಲಿ ನಾನು ಸಂಬಳದ ನೌಕರಿ ಹಿಡಿದು ಜಾಗ ಖಾಲಿ ಮಾಡಿದೆ. ಆಮೇಲೆ ಎಷ್ಟೋ ಮಂದಿಯ ಅಂಗಡಿಗಳ ಕಥೆ ಬರೆದುಕೊಂಡಿದ್ದೇನೆ. ಪ್ರತಿ ಸಲವೂ ನನ್ನ ಜೀವ ಎಳೆದದ್ದು ಆ ಒಂದೇ ಅಂಗಡಿಯ ಕಡೆಗೆ. ಮತ್ತೆ ಸೇರಿಸಿಕೊಳ್ಳುತ್ತೀಯಾ ಎಂದು ಕೇಳಲೆಂದೇ ಹೊರಟಿದ್ದೆ. ಪ್ರಶ್ನೆಗಳ ಹಾಳೆ ಬರೀ ನೆಪ.

ಬೆಳಿಗ್ಗೆ ಅವನು ಶಟರ್ ಎತ್ತುವ ಹೊತ್ತಿಗೆ ಹಾಜರಾದೆ. ಮೊದಲ ಗಿರಾಕಿ ಬೆನ್ನಿಗೆ ಪಂಪು ಹಾಕಿಕೊಂಡೇ ಬಂದರು. ನನ್ನ ಗೆಳೆಯ ಅವರನ್ನು ಒಳಗೆ ಕರೆಯಲೇ ಇಲ್ಲ.

"ಎದುರಿಗಿನ ಅಂಗಡಿಗಿ ಹೋಗ್ರಿ ಯಜಮಾನ್ರ. ಹೊಸದಾಗಿ ಇಟ್ಟಾರ, ಕೆಲಸ ಚಲೋ ಮಾಡ್ತಾರ" ಎಂದು ಕಳಿಸಿಬಿಟ್ಟ.

ನನಗೆ ತಡೆಯಲಿಲ್ಲ. "ನಿನಗ ತಲಿ ಕೆಟ್ಟದೇನು? ಅವರೂ ಪಂಪಿನವರ ಅಲ್ಲೇನು?" ಎಂದೆ.

"ಮೊದಲ ಅವರ್ದು ಬೋಣಿಗಿ ಆಗ್ಲಿ ತಡಿ. ನಾ ಅಂಗಡಿ ಇಟ್ಟಾಗ ಆ ಮೂಲಿ ಅಂಗಡಿ ಮಿಸ್ತ್ರಿ ನನಗೂ ದಿನಾ ಹಿಂಗ ಒಬ್ಬರನ್ನ ಕಳಸ್ತಿದ್ದ. ಹೊಸಬ್ರಿಗಿ ಒಂದ್ ವರ್ಷ ಹಿಂಗ ನೋಡ್ಕೋತೀವಿ" ಎಂದ.

ನನ್ನ ಹಾಳೆಯಲ್ಲಿ ಬಂಡವಾಳ, ತರಬೇತಿ, ಕರೆಂಟು, ಪೈಪೋಟಿ ಎಲ್ಲಕ್ಕೂ ಕಾಲಂ ಇತ್ತು, ಇದಕ್ಕೆ ಇರಲಿಲ್ಲ. ಇಷ್ಟು ದಿನ ನಾನು ಹುಡುಕುತ್ತಿದ್ದ ಉತ್ತರವನ್ನು ಅಂಚಿನಲ್ಲಿ ಇಕ್ಕಟ್ಟು ಮಾಡಿ ಬರೆದುಕೊಂಡೆ. ಅವನಾಗಲೇ ಒಂದು ಪಂಪು ಬಿಚ್ಚಿ ಕೂತಿದ್ದ. ಗ್ರೀಸು ಮೆತ್ತಿದ ಅವನ ಬೆರಳು ನೋಡಿ ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ. ಆ ಸ್ಟೂಲಿನ ಪಕ್ಕದಲ್ಲೇ ಇನ್ನೊಂದು ಸ್ಟೂಲು ಹಾಕಿಕೊಂಡು ಕೂರುವ ಆಸೆ ಉಕ್ಕಿ ಬಂತು.

ಕೊನೆಗೆ ಪೆನ್ನು ಜೇಬಿಗೆ ಸಿಕ್ಕಿಸಿ ಕೇಳಿಯೇಬಿಟ್ಟೆ. "ನಾ ನೌಕರಿ ಬಿಟ್ಟು ಬಂದ್ರ ಹೆಂಗ?"

ಅವನು ಕೈ ನಿಲ್ಲಿಸಿ ನನ್ನ ಮುಖ ನೋಡಿದ. ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

"ಬಾರಪಾ, ಈ ಸಾಲಿನಾಗ ಒಂದ್ ಅಂಗಡಿ ಖಾಲಿ ಅದ. ಮಾಲಕರಿಗಿ ನಾ ಹೇಳ್ತೀನಿ" ಎಂದ. ಸ್ಪ್ಯಾನರಿಗೆ ಕೈ ಹಾಕುತ್ತಾ, "ಬೋಣಿಗಿ ಚಿಂತಿ ಮಾಡಬ್ಯಾಡ, ದಿನಾ ಒಬ್ಬರನ್ನ ಕಳಸ್ತೀನಿ" ಎಂದು ಸೇರಿಸಿದ.

ಮನಸಾರೆಯೇ ಅಂದ. ಅವನಿಗೆ ನಾನೀಗ ಹೊಸಬ.