ಮಗಳನ್ನು ಕೆಳಗಿಳಿಸು ಎಂಬ ಹರಕೆ

ನನ್ನ ಮಗಳು ಹರಪನಹಳ್ಳಿಯಲ್ಲಿ ಒಂಬತ್ತನೇ ತರಗತಿ ಓದುತ್ತಾಳೆ, ಬೇಸ್‌ಬಾಲ್ ಆಡುತ್ತಾಳೆ. ಅದರಲ್ಲಿ ಚೆಂಡು ಹೊಡೆಯುವವಳ ಹಿಂದೆ ಕುಕ್ಕುರುಗಾಲಲ್ಲಿ ಕೂತು ಹಿಡಿಯುವವಳಿಗೆ ಕ್ಯಾಚರ್ ಅನ್ನುತ್ತಾರೆ. ಬೇರೆ ಹುಡುಗಿಯರು ಸ್ವಲ್ಪ ಹೊತ್ತಿಗೇ ಮಂಡಿ ಹಿಡಿದುಕೊಂಡು ಏಳುತ್ತಿದ್ದರು. ನನ್ನ ಮಗಳು ಆಟ ಮುಗಿದ ಮೇಲೂ ಕೂತೇ ಇದ್ದಳಂತೆ. ನಮ್ಮ ಮನೆಯ ಬಟ್ಟೆ ಒಗೆಯುವ ಕಲ್ಲು ನೆಲದ ಮಟ್ಟಕ್ಕಿದೆ, ಹಾಗೇ ಕೂತು ಒಗೆದು ಅವಳಿಗೆ ರೂಢಿ. ಅದೂ ದೇವರ ದಯೆ.

ಅದನ್ನು ನೋಡಿದ ಪಿ.ಟಿ. ಮಾಸ್ತರು ಅವಳನ್ನು ನೇರ ಅದೇ ಆವರಣದ ಕಾಲೇಜು ಹುಡುಗಿಯರ ತಂಡಕ್ಕೆ ಹಾಕಿದರು. ಹಿಡಿಯುವುದರಲ್ಲಿ ಕೊರತೆ ಇರಲಿಲ್ಲ. ಆದರೆ ಹಿಡಿಯುವವಳೂ ಸರದಿ ಬಂದಾಗ ಹೊಡೆಯಬೇಕು. ದೊಡ್ಡ ಹುಡುಗಿಯರು ಎಸೆದ ಚೆಂಡು ದಾಟಿ ಹೋದ ಮೇಲೆ ನನ್ನ ಮಗಳ ಬ್ಯಾಟು ಹೊರಡುತ್ತಿತ್ತು.

ನಮ್ಮ ಯಜಮಾನರಿಗೆ ಮೆಕ್ಕೆಜೋಳದ ಅಂಗಡಿಯಲ್ಲಿ ಕೆಲಸ. ಕಾಳು ಬಿಡಿಸಿ ಉಳಿದ ಬೆಂಡುಗಳನ್ನು ಚೀಲ ತುಂಬಿ ತಂದು, ಸಂಜೆ ಹಿತ್ತಲಲ್ಲಿ ಅವಳತ್ತ ಎಸೆದರು. ಎಲ್ಲವನ್ನೂ ಹೊಡೆದಳು.

“ನೋಡಿದ್ಯಾ? ಇಷ್ಟು ಹೊಡಿತಾಳ ಅಂದ್ರ ಚೆಂಡೇನ್ ದೊಡ್ಡದಲ್ಲ” ಅಂದರು.

ಬೆಂಡು ಹಗುರ, ಗಾಳಿಯಲ್ಲಿ ಯೋಚನೆ ಮಾಡುತ್ತ ಬರುತ್ತದೆ. ಅದಕ್ಕೆ ಕಾದು ಹೊಡೆಯುವುದನ್ನು ಕಲಿತವಳು ಕೊಟ್ಟೂರಿನ ಪಂದ್ಯದಲ್ಲಿ ಮೊದಲಿಗಿಂತ ತಡವಾಗಿ ಬೀಸಿದಳು. ಬಚ್ಚಲ ಒಲೆಗೆ ಮಾತ್ರ ಉರುವಲು ಸಾಕಷ್ಟಾಯಿತು.

ಅಂದಿನಿಂದ ತಾಟಿನ ಮುಂದೆ ಕೂತು ರೊಟ್ಟಿ ಮುರಿದು ಮುರಿದು ಇಡುತ್ತಿದ್ದಳು, ತಿನ್ನುತ್ತಿರಲಿಲ್ಲ. “ಯವ್ವಾ, ನನ್ ಪಾಳಿ ಬಂತಂದ್ರ ಎಲ್ಲಾರೂ ನೀರು ಕುಡಿಯಾಕ ಹೋಗ್ತಾರ” ಅಂದಳು. ಆಟವನ್ನೇ ಬಿಡುತ್ತೇನೆ ಎನ್ನತೊಡಗಿದಳು.

ಶುಕ್ರವಾರ ಉಚ್ಚಂಗಿದುರ್ಗದ ಗುಡ್ಡ ಹತ್ತಿ, ದೇವಿಯ ಗುಡಿಯಲ್ಲಿ ಕೈ ಮುಗಿದು, “ತಾಯೀ, ನನ್ನ ಮಗಳನ್ನ ದೊಡ್ಡೋರ ಟೀಮಿಂದ ಕೆಳಗಿಳಸವ್ವ” ಎಂದು ಬೇಡಿಕೊಂಡೆ. ಪಕ್ಕದಲ್ಲಿದ್ದ ಮುದುಕಿ ತಿರುಗಿದಳು.

“ತಪ್ಪಿ ಅಂದ್ಯೇನವ್ವಾ?”

“ಇಲ್ಲಬೇ, ಸರಿಯಾಗೇ ಅಂದೀನಿ.”

“ಎಲ್ಲಾರೂ ಮ್ಯಾಲ ಹತ್ಸು ಅಂತಾರ. ನೀನು ಮಲತಾಯಿ ಏನು?”

“ಹೆತ್ತಾಕಿನ. ಅದಕ್ಕ ಕೇಳಾಕತ್ತೀನಿ.”

ನನ್ನ ಹರಕೆ ತನ್ನದರ ಜೊತೆ ಕಲೆಯದಿರಲಿ ಎಂದು ಆಕೆ ದೂರ ಸರಿದು ನಿಂತಳು.

ದೇವಿಗೆ ಹೇಳಿದ ಮೇಲೆ ಮಾಸ್ತರಿಗೂ ಹೇಳಬೇಕಲ್ಲ. ಶಾಲೆಗೆ ಹೋದೆ.

“ಅಮ್ಮಾರ, ಇಂಥ ಚಾನ್ಸ್ ಮತ್ತ ಸಿಗಲ್ರಿ. ನಮಗ ಬ್ಯಾರೆ ಕ್ಯಾಚರ್ ಇಲ್ರಿ” ಅಂದರು.

“ನಿಮಗ ಕ್ಯಾಚರ್ ಇಲ್ಲ, ನಮ್ಮನಿಯಾಗ ಉಣ್ಣೋ ಮಗಳಿಲ್ರಿ. ತನ್ನ ವಾರಗಿಯವರ ಜೊತಿ ಮೊದಲು ಹೊಡಿಯಾಕ ಕಲೀಲಿ.”

ಅವರು ಮಗಳನ್ನೇ ಕರೆಸಿ ಕೇಳಿದರು. ಅವಳು ನೆಲ ನೋಡುತ್ತ, “ಸಣ್ಣೋರ ಜೊತಿ ಆಡ್ತೀನ್ರಿ ಸರ” ಎಂದಳು. ಮಾಸ್ತರು ಒಳ್ಳೆಯವರು, ನನ್ನನ್ನು ಒಮ್ಮೆ ನೋಡಿ ಒಪ್ಪಿಕೊಂಡರು.

ಮುಂದಿನ ಪಂದ್ಯ ಹಡಗಲಿಯಲ್ಲಿ, ತನ್ನ ವಯಸ್ಸಿನವರ ಜೊತೆ. ನಾನೂ ಹೋಗಿದ್ದೆ. ಮೊದಲ ಚೆಂಡು ತಪ್ಪಿತು. ಇನ್ನೊಂದು ಬ್ಯಾಟಿಗೆ ತಗುಲಿ, ಎಸೆದವಳ ಪಕ್ಕದಿಂದ ಉರುಳಿಕೊಂಡು ಹೋಯಿತು. ಹೊಡೆದ ಕೂಡಲೇ ಓಡಬೇಕು. ಇದುವರೆಗೆ ಆ ಪ್ರಸಂಗ ಬಂದಿರಲಿಲ್ಲವಾದ್ದರಿಂದ ಮಗಳು ಚೆಂಡು ಹೋದ ದಾರಿಯನ್ನೇ ನೋಡುತ್ತ ನಿಂತಳು. ಗೆಳತಿಯರು “ಓಡಲೇ, ಓಡು” ಎಂದು ಕೂಗುವಷ್ಟರಲ್ಲಿ ಔಟಾದಳು.

ವಾಪಸು ಬರುವಾಗ ಬಸ್ಸಿನಲ್ಲಿ ಬುತ್ತಿ ಬಿಚ್ಚಿದೆ. ತನ್ನ ಪಾಲು ತಿಂದು ನನ್ನದಕ್ಕೂ ಕೈ ಹಾಕಿದಳು.

“ಬ್ಯಾಟಿಗೆ ಹತ್ತಿದಾಗ ಕೈ ಜುಮ್ ಅಂತೈತಬೇ” ಎಂದಳು, ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ.

ನಾನು ಶೇಂಗಾ ಚಟ್ನಿಯನ್ನು ಅವಳ ಕಡೆ ಸರಿಸಿದೆ.