ಮೂರನೇ ಕೌಂಟರಿನವನು ಕ್ಯೂನಲ್ಲಿ ನಿಂತದ್ದು

ರೈಲು ನಿಲ್ದಾಣದ ಮೂರನೇ ಕೌಂಟರಿನಲ್ಲಿ ಮೂವತ್ತೊಂದು ವರ್ಷದಿಂದ ಕೂತು ಟಿಕೆಟ್ ಕೊಡುತ್ತಿದ್ದವನನ್ನು ಸುತ್ತಮುತ್ತಲಿನವರೆಲ್ಲ ಟಿಕೆಟ್ ಮಾಮ ಅಂತಲೇ ಕರೆಯುತ್ತಿದ್ದರು. ಪ್ರವಾಸ ಹೊರಟ ಶಾಲೆಮಕ್ಕಳ ದಂಡೇ ಬರಲಿ, ಪಂದ್ಯಕ್ಕೆ ಹೊರಟ ಆಟಗಾರರ ತಂಡವೇ ಬರಲಿ, ಅಷ್ಟೂ ಜನರನ್ನು ಒಂದೇ ಡಬ್ಬಿಯಲ್ಲಿ ಕೂರಿಸಿ, ವಯಸ್ಸಾದವರಿಗೆ ಕೆಳಗಿನ ಸೀಟು ಹುಡುಕಿ ಕೊಡುವುದು ಅವನಿಗೆ ನೀರು ಕುಡಿದಷ್ಟು ಸುಲಭ. ‘ಇಲ್ಲ’ ಅನ್ನುವ ಮಾತನ್ನು ಅವನು ಆದಷ್ಟು ತಡವಾಗಿ ಹೇಳುತ್ತಿದ್ದ. ‘ಇರಿ, ನೋಡೋಣ’ ಅನ್ನುವುದೇ ಅವನ ಬಾಯಿಪಾಠ.

ಅಂಥವನು ತನ್ನ ಮನೆಯವರಿಗೇ ಆರು ಒಳ್ಳೆಯ ಸೀಟು ಮಾಡಿಸಲಾಗದೆ ಒಂದು ಶನಿವಾರ ಬೆಳಿಗ್ಗೆಯೆಲ್ಲ ತಲೆ ಕೆರೆದುಕೊಂಡದ್ದು ದೊಡ್ಡ ಕಥೆ.

ಅವನು ಮತ್ತು ಅವನ ಅಕ್ಕ ಚಿಕ್ಕವರಿದ್ದಾಗ ಟೀವಿಯಲ್ಲಿ ಒಂದು ಧಾರಾವಾಹಿ ಬರುತ್ತಿತ್ತು. ಆಕಾಶದಲ್ಲಿ ತೇಲುವ ಒಂದು ಮುದಿ ಹಡಗು. ವಾರಕ್ಕೊಂದು ಸಲ ಅದರ ಎಂಜಿನ್ ಕೈಕೊಡುವುದು. ಎಣ್ಣೆ ಬಳಿದ ಮುಖದ ಒಬ್ಬ ಹೆಂಗಸು ಸ್ಪ್ಯಾನರ್ ಹಿಡಿದು ನುಗ್ಗಿ ಅದನ್ನು ಸರಿಮಾಡುವುದು. ಅಕ್ಕತಮ್ಮ ಆಕೆಗೆ ‘ರಿಪೇರಿ ರಾಣಿ’ ಎಂದು ಹೆಸರಿಟ್ಟಿದ್ದರು. ತಮ್ಮನಿಗೆ ಅದು ಬರೀ ಕಥೆಯಾಗಿತ್ತು. ಅಕ್ಕನಿಗೆ ಮಾತ್ರ ತಲೆಗೇರಿತ್ತು. ಶಾಲೆ ಮುಗಿದದ್ದೇ ತಡ, ಅವಳು ಲಿಫ್ಟ್ ರಿಪೇರಿ ಕಲಿತಳು. ಮೂವತ್ತಾರು ವರ್ಷ ಊರಿನ ಎತ್ತರದ ಕಟ್ಟಡಗಳ ನೆತ್ತಿಯ ಮೇಲೆ, ಮೋಟಾರು ಕೋಣೆಗಳಲ್ಲಿ, ಗಂಡಸರೇ ತುಂಬಿದ ಕೆಲಸದಲ್ಲಿ ದುಡಿದು, ಮಂಡಿ ಸವೆಸಿಕೊಂಡು ನಿವೃತ್ತಳಾದಳು.

ಈಗ ಆ ಧಾರಾವಾಹಿಯ ಅಭಿಮಾನಿಗಳು ಎರಡು ದಿನದ ಸಮಾವೇಶ ಇಟ್ಟುಕೊಂಡಿದ್ದರು. ರಿಪೇರಿ ರಾಣಿಯ ಪಾತ್ರ ಮಾಡಿದ ನಟಿಯೂ ಬರುತ್ತಾಳೆ ಅಂತ ಸುದ್ದಿ. ಮಾಮ ಮೂರು ತಿಂಗಳ ಮೊದಲೇ ಆರು ಸಾದಾ ಟಿಕೆಟ್‌ಗಳನ್ನು ಒಂದೇ ಗುಂಪಾಗಿ ತೆಗೆದಿಟ್ಟಿದ್ದ: ತಾನು, ಹೆಂಡತಿ, ಅಕ್ಕ, ಭಾವ, ಮಗಳು, ಅಳಿಯ. ಸಾದಾ ಟಿಕೆಟಿನವರು ನಟಿಯನ್ನು ನೋಡಬೇಕಾದರೆ ಎರಡು ಮೂರು ಗಂಟೆ ಸಾಲಿನಲ್ಲಿ ನಿಲ್ಲಬೇಕು ಅನ್ನುವುದು ಆಮೇಲೆ ಗೊತ್ತಾಯಿತು. ಅಕ್ಕನಿಗೆ ಹತ್ತು ನಿಮಿಷ ನಿಲ್ಲುವುದೂ ಕಷ್ಟ. ಅಷ್ಟರಲ್ಲಿ ಟಿಕೆಟ್ ಅಪ್‌ಗ್ರೇಡ್ ಮಾಡಿಸಿಕೊಳ್ಳಬಹುದು ಎಂಬ ಪ್ರಕಟಣೆ ಬಂತು. ಮಾಡಿಸಿಕೊಂಡವರಿಗೆ ಮುಂದಿನ ಸಾಲುಗಳಲ್ಲಿ ಸೀಟು, ಬೇರೆ ಬಾಗಿಲು, ಜೊತೆಗೆ ನಟಿಯ ಎದುರು ಕೂತು ಮಾತಾಡುವ ಅವಕಾಶ. ಆನ್‌ಲೈನಿನಲ್ಲಿ ಅಪ್‌ಗ್ರೇಡ್ ಶನಿವಾರ ಬೆಳಿಗ್ಗೆ ಹತ್ತಕ್ಕೆ ಶುರು.

ಒಂಬತ್ತೂವರೆಗೇ ಆರೂ ಜನ ಮಾಮನ ಊಟದ ಮೇಜಿನ ಸುತ್ತ ಸೇರಿದರು. ಹತ್ತು ಹೊಡೆಯಿತು. ಮಾಮ ಲ್ಯಾಪ್‌ಟಾಪಿನಲ್ಲಿ ಬಟನ್ ಒತ್ತಿದ. ‘ನಿಮ್ಮ ಮುಂದೆ 4,318 ಮಂದಿ ಇದ್ದಾರೆ’ ಎಂದು ಬಂತು.

“ಒಂದು ಸೆಕೆಂಡಿಗೆ ನಾಲ್ಕು ಸಾವಿರ ಜನ ಎಲ್ಲಿಂದ ಬಂದ್ರು?” ಎಂದ ಮಾಮ.

“ನಿಮ್ಮ ಕೌಂಟರ್ ಮುಂದೆ ನಿಲ್ಲೋರಿಗೂ ಹೀಗೇ ಅನ್ಸುತ್ತೆ ಕಣ್ರೀ,” ಎಂದಳು ಹೆಂಡತಿ. ಅವಳು ಗ್ರಂಥಾಲಯದಲ್ಲಿ ಕೆಲಸ ಮಾಡುವವಳು, ಎಲ್ಲದಕ್ಕೂ ನಿಧಾನವೇ ಮದ್ದು ಎಂದು ನಂಬಿದವಳು.

ಮುಕ್ಕಾಲು ಗಂಟೆ ಕಾದ ಮೇಲೆ ಸರದಿ ಬಂತು. ಮೊದಲು ಚೌಕಗಳಲ್ಲಿ ಟ್ರಾಫಿಕ್ ದೀಪ ಇರುವುದನ್ನೆಲ್ಲ ಆರಿಸಿ, ನೀವು ಮನುಷ್ಯರೆಂದು ತೋರಿಸಿ ಎಂದಿತು. ಕಂಬವೂ ದೀಪಕ್ಕೆ ಸೇರುತ್ತದೋ ಇಲ್ಲವೋ ಎಂದು ಭಾವನಿಗೂ ಅಳಿಯನಿಗೂ ಜಟಾಪಟಿ ಹತ್ತಿತು. ಅದು ಮುಗಿಯುವ ಹೊತ್ತಿಗೆ ಸಮಯ ಮೀರಿ, ಪರದೆ ಅವರನ್ನು ಎತ್ತಿ ಮತ್ತೆ ಸಾಲಿನ ಬಾಲಕ್ಕೆ ಬಿಸಾಡಿತು.

ಎರಡನೇ ಸಲ ಒಳಗೆ ಹೋದರು. ಮಾಮ ಮೊದಲು ಅಕ್ಕನ ಹೆಸರು ಒತ್ತಿದ. ‘ಗುಂಪಿನ ಸದಸ್ಯರನ್ನು ಒಬ್ಬೊಬ್ಬರಾಗಿ ಅಪ್‌ಗ್ರೇಡ್ ಮಾಡಲಾಗದು’ ಎಂದಿತು. ಸರಿ, ಇಡೀ ಗುಂಪನ್ನು ಒತ್ತಿದ. ‘ದಯವಿಟ್ಟು ಸದಸ್ಯರನ್ನು ಒಬ್ಬೊಬ್ಬರಾಗಿ ಆರಿಸಿ’ ಎಂದಿತು. ಸಹಾಯ ಬೇಕೇ ಎಂದು ಮೂಲೆಯಲ್ಲಿ ಒಂದು ನಗುವ ಮುಖ ಕುಣಿಯುತ್ತಿತ್ತು. ಅದನ್ನು ಒತ್ತಿ ಮಾಮ ಇದ್ದ ಕಷ್ಟವನ್ನೆಲ್ಲ ಟೈಪ್ ಮಾಡಿದ. ‘ಗುಂಪಿನ ಮುಖ್ಯಸ್ಥರನ್ನು ಸಂಪರ್ಕಿಸಿ’ ಎಂದು ಉತ್ತರ ಬಂತು.

“ಗುಂಪಿನ ಮುಖ್ಯಸ್ಥ ನಾನೇ ಕಣಪ್ಪ!” ಎಂದು ಮಾಮ ಪರದೆಗೆ ಕೂಗಿದ.

ನಗುವ ಮುಖ ‘ನಿಮ್ಮ ಸಮಸ್ಯೆ ಬಗೆಹರಿದದ್ದು ನಮಗೆ ಸಂತೋಷ’ ಎಂದು ಹೇಳಿ ಮಾಯವಾಯಿತು.

ಮಾಮ ಎದ್ದುನಿಂತ. ಕಿವಿ ಕೆಂಪಾಗಿತ್ತು. “ನಾನೇನಾದ್ರೂ ಕೌಂಟರಲ್ಲಿ ಕೂತ್ಕೊಂಡು ಹೀಗೆ ಮಾತಾಡಿದ್ರೆ ಜನ ಕಿಟಕಿಯೊಳಗೆ ಕೈ ಹಾಕಿ ನನ್ನ ಕಾಲರ್ ಹಿಡೀತಿದ್ರು! ಇದಕ್ಕೆ ಕಾಲರೂ ಇಲ್ವಲ್ಲ!”

“ಬಿಡೋ ತಮ್ಮ,” ಎಂದಳು ಅಕ್ಕ. “ಮಡಚೋ ಕುರ್ಚಿ ತಗೊಂಡು ಹೋದ್ರಾಯ್ತು. ಸಾಲು ಮುಂದೆ ಹೋದ ಹಾಗೆ ನಾನೂ ಕುರ್ಚಿ ಸರಿಸ್ಕೊಂಡು ಹೋಗ್ತೀನಿ. ಅವಳನ್ನ ದೂರದಿಂದ ನೋಡಿದ್ರೂ ನನಗೆ ಸಾಕು.”

ಈ ಕೊನೆಯ ಮಾತು ಮಾಮನಿಗೆ ಚುರುಕ್ ಎಂದಿತು. ‘ಸಾಕು’ ಅನ್ನುವ ಮಾತನ್ನು ಅಕ್ಕ ಬೇಕಾದದ್ದು ಸಿಗದಿದ್ದಾಗ ಮಾತ್ರ ಆಡುವವಳು. ಅವನು ಮತ್ತೆ ಕುರ್ಚಿಗೆ ಕೂತ. “ಇರಿ, ನೋಡೋಣ,” ಎಂದ.

ಸೀಟುಗಳ ನಕ್ಷೆಯನ್ನು ದೊಡ್ಡದು ಮಾಡಿ, ರೈಲು ಡಬ್ಬಿಯ ಪಟ್ಟಿ ನೋಡುವವನ ಹಾಗೆ ಕಣ್ಣು ಕಿರಿದು ಮಾಡಿ ನೋಡಿದ. ಮುಂದಿನ ಸಾಲುಗಳು ಹೆಚ್ಚುಕಡಿಮೆ ತುಂಬಿದ್ದವು. ಆದರೆ ಪ್ರತಿ ಸಾಲಿನ ತುದಿಯಲ್ಲಿ, ಓಡಾಡುವ ದಾರಿಯ ಪಕ್ಕ, ಒಂದೊಂದು ಸೀಟು ಒಂಟಿಯಾಗಿ ಉಳಿದಿತ್ತು. ಜೋಡಿಯಾಗಿ, ಗುಂಪಾಗಿ ಬಂದವರು ಯಾರೂ ಅವನ್ನು ಮುಟ್ಟಿರಲಿಲ್ಲ.

“ಗುಂಪು ಒಡೀಬೇಕು,” ಎಂದ ಮಾಮ. “ಸ್ಟೇಷನ್ನಲ್ಲಿ ಕಂಪ್ಯೂಟರ್ ಹಟ ಹಿಡಿದ್ರೆ ನಾವು ಮಾಡೋದೂ ಇದೇ. ದೊಡ್ಡ ತಂಡವನ್ನ ಬಿಡಿಬಿಡಿ ಮಾಡಿ, ನಾಲ್ಕು ಕೌಂಟರಿನವರು ಒಟ್ಟಿಗೆ ಒತ್ತೋದು.”

ಪರದೆಯ ತಳದಲ್ಲಿ ‘ಗುಂಪನ್ನು ವಿಸರ್ಜಿಸಿ’ ಎಂಬ ಕೆಂಪು ಬಟನ್ ಇತ್ತು. ಪಕ್ಕದಲ್ಲಿ ಎಚ್ಚರಿಕೆ: ಮತ್ತೆ ಸೇರಿಸಲಾಗದು.

“ಅಪ್ಪ, ಆಮೇಲೆ ಯಾರಿಗೂ ಸಿಗದೇ ಹೋದ್ರೆ?” ಎಂದಳು ಮಗಳು.

“ಸಾದಾ ಟಿಕೆಟ್ ಎಲ್ಲೂ ಹೋಗಲ್ಲ ಮಗಳೇ, ಅವರವರ ಫೋನಿಗೆ ಬರುತ್ತೆ. ಎಲ್ಲರೂ ಫೋನ್ ತೆಗೀರಿ. ನನ್ನ ಕಡೆ ನೋಡಿ. ಅಕ್ಕ, ನೀನು ಒಂದನೇ ಸಾಲಿನ ತುದಿ. ಭಾವ, ನೀವು ಆರನೇದು. ಕನ್ನಡಕ ಹಾಕ್ಕೊಳ್ಳಿ.”

“ಕನ್ನಡಕ ಎಲ್ಲಿ?” ಎಂದ ಭಾವ.

“ತಲೆ ಮೇಲಿದೆ!” ಎಂದರು ಐದೂ ಜನ ಒಟ್ಟಿಗೆ.

ಮಾಮ ಕೆಂಪು ಬಟನ್ ಒತ್ತಿದ. ಆರು ಫೋನುಗಳು ಒಂದರ ಹಿಂದೊಂದು ಟಿಣ್ ಎಂದವು. ಆರೂ ಜನ ಬೇರೆಬೇರೆಯಾಗಿ ಸಾಲಿಗೆ ನಿಂತರು. ಈ ಹೊತ್ತಿಗೆ ಸಾಲು ಕರಗಿತ್ತು. ಐದೇ ನಿಮಿಷದಲ್ಲಿ ಎಲ್ಲರಿಗೂ ಬಾಗಿಲು ತೆರೆಯಿತು. ಮಾಮ ಕೈ ಎತ್ತಿ ಮೂರರವರೆಗೆ ಎಣಿಸಿದ, ಎಲ್ಲರೂ ಒಟ್ಟಿಗೆ ತಮ್ಮ ತಮ್ಮ ಸೀಟು ಒತ್ತಿದರು. ಓಟಿಪಿಗಳು ಬರತೊಡಗಿದವು. ಭಾವ ತನ್ನದನ್ನು ಗಟ್ಟಿಯಾಗಿ ಓದಿಕೊಂಡದ್ದನ್ನು ಕೇಳಿ ಅಳಿಯ ಅದನ್ನೇ ತನ್ನ ಫೋನಿಗೆ ಒತ್ತಿಬಿಟ್ಟ. “ನಿಮ್ಮದು ನೀವೇ ಮನಸ್ಸಿನಲ್ಲಿ ಓದ್ಕೊಳ್ಳಿ ಮಾವ!” ಎಂದು ಅವನು ಗೋಳಾಡಿದರೆ, ಮಾಮನ ಹೆಂಡತಿ ಗ್ರಂಥಾಲಯದಲ್ಲಿ ಮಾಡುವ ಹಾಗೆ ತುಟಿಗೆ ಬೆರಳಿಟ್ಟು “ಶ್!” ಎಂದಳು.

ಅಕ್ಕನದು ಆಯಿತು. ಹೆಂಡತಿಯದು, ಮಗಳದು, ಮಾಮನದು ಆಯಿತು. ಎರಡನೇ ಯತ್ನದಲ್ಲಿ ಅಳಿಯನದೂ ಆಯಿತು. ಭಾವ ಮಾತ್ರ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ಅಲುಗಾಡದೆ ಕೂತಿದ್ದ. ಆಮೇಲೆ ಮೆಲ್ಲಗೆ, “ಧನ್ಯವಾದ ಅಂತಿದೆ. ಯಾಕೆ?” ಎಂದ. ಮನೆಯಲ್ಲಿ ಎದ್ದ ಕೇಕೆಗೆ ಎದುರುಮನೆಯವರು ಕಿಟಕಿ ತೆರೆದು ನೋಡಿದರು.

ಹೀಗೆ ಸಮಾವೇಶದ ದಿನ ಆರು ಜನ ಒಬ್ಬರ ಪಕ್ಕ ಒಬ್ಬರು ಕೂರುವ ಬದಲು ಒಬ್ಬರ ಹಿಂದೆ ಒಬ್ಬರು ಕೂತರು, ರೈಲು ಡಬ್ಬಿಗಳ ಹಾಗೆ. ಅಕ್ಕ ಎಂಜಿನ್, ಭಾವ ಗಾರ್ಡು. ಬಿಸ್ಕತ್ತಿನ ಪೊಟ್ಟಣ ಮುಂದಿನಿಂದ ಹಿಂದಕ್ಕೆ ಹೋಗುತ್ತಿತ್ತು. ಭಾವ ಹಿಂದಿನಿಂದ ಕಳಿಸಿದ ‘ಮಂಡಿ ನೋಯ್ತಿದೆಯಾ ಕೇಳು’ ಎಂಬ ಮಾತು ನಾಲ್ಕು ಬಾಯಿ ದಾಟಿ ಅಕ್ಕನಿಗೆ ತಲುಪುವಾಗ ‘ಬೆಂಡೆ ಬೇಯ್ತಿದೆಯಾ’ ಎಂದಾಗಿತ್ತು. ಅಕ್ಕ ತಿರುಗಿ, “ಇಲ್ಲಿ ಯಾವ ಬೆಂಡೆನೋ?” ಎಂದಾಗ ಇಡೀ ಸಾಲು ಉರುಳಾಡಿ ನಕ್ಕಿತು. ಸುತ್ತ ಧಾರಾವಾಹಿಯ ಪಾತ್ರಗಳ ವೇಷ ತೊಟ್ಟ ಅಭಿಮಾನಿಗಳು: ಬೆಳ್ಳಿ ಬಣ್ಣದ ಶಿರಸ್ತ್ರಾಣ ಹಾಕಿದವರು, ಮುಖಕ್ಕೆ ಹಸಿರು ಬಳಿದುಕೊಂಡವರು. ಅವರಿಗೂ ಏನೆಂದು ತಿಳಿಯದೆ ನಗು ಬಂತು.

ಮಧ್ಯಾಹ್ನ ಅಕ್ಕ ನಟಿಯ ಎದುರು ಕುರ್ಚಿಯಲ್ಲಿ ಕೂತಳು. ಎಂಬತ್ತು ದಾಟಿದ ನಟಿ ಅಕ್ಕನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಬೆರಳುಗಳ ಮೇಲಿನ ಹಳೆಯ ಗಾಯದ ಗುರುತುಗಳನ್ನು ನೋಡಿ, “ಏನು ಕೆಲಸ ಮಾಡ್ತಿದ್ರಿ?” ಎಂದು ಕೇಳಿದಳು.

“ಲಿಫ್ಟ್ ರಿಪೇರಿ. ನಿಮ್ಮನ್ನ ನೋಡಿ ಕಲಿತದ್ದು.” ಅಕ್ಕ ಮುಂದಕ್ಕೆ ಬಾಗಿದಳು. “ಒಂದು ಮಾತು ಹೇಳ್ಲಾ? ಬೇಜಾರು ಮಾಡ್ಕೋಬಾರದು. ನೀವು ಪ್ರತಿ ಸಲವೂ ಸ್ಪ್ಯಾನರ್ ಉಲ್ಟಾ ತಿರುಗಿಸ್ತಿದ್ರಿ. ಹಾಗೆ ತಿರುಗಿಸಿದ್ರೆ ನಟ್ಟು ಬಿಗಿಯಾಗಲ್ಲ, ಸಡಿಲ ಆಗುತ್ತೆ.”

ಪಕ್ಕದಲ್ಲಿ ನಿಂತಿದ್ದ ಮಾಮ ಅಕ್ಕನ ಭುಜ ತಿವಿದ. ನಟಿ ಒಂದು ಕ್ಷಣ ಅಕ್ಕನನ್ನೇ ದಿಟ್ಟಿಸಿದಳು. ಆಮೇಲೆ ಹಿಂದಕ್ಕೆ ವಾಲಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

“ಅದಕ್ಕೇ ಇರ್ಬೇಕು, ವಾರವಾರ ಎಂಜಿನ್ ಕೆಡ್ತಿತ್ತು!” ಎಂದಳು. “ಇಷ್ಟು ವರ್ಷ ಒಬ್ಬರೂ ಹೇಳಿರಲಿಲ್ಲ ನೋಡಿ.”

ಅವಳು ಅಕ್ಕನನ್ನು ಬಿಡಲಿಲ್ಲ. ಸಂಜೆಯ ಮಾತುಕತೆಗೆ ವೇದಿಕೆಯ ಮೇಲೆ ತನ್ನ ಪಕ್ಕದಲ್ಲೇ ಕುರ್ಚಿ ಹಾಕಿಸಿದಳು. ಅಕ್ಕ ಮೊದಮೊದಲು ತಡವರಿಸಿದಳು. ಹನ್ನೊಂದನೇ ಮಹಡಿಗೂ ಹನ್ನೆರಡನೇ ಮಹಡಿಗೂ ನಡುವೆ ಲಿಫ್ಟಿನಲ್ಲಿ ಸಿಕ್ಕಿಬಿದ್ದ ಮದುಮಗನನ್ನು ಹೊರಗೆಳೆದ ಕಥೆಗೆ ಬರುವಷ್ಟರಲ್ಲಿ ಕೈ ಬೀಸಿ ಬೀಸಿ ಹೇಳತೊಡಗಿದ್ದಳು. ಜನ ಚಪ್ಪಾಳೆ ತಟ್ಟಿದರು. ಹಸಿರು ಮುಖದ ಹುಡುಗಿಯೊಬ್ಬಳು ಎದ್ದುನಿಂತು, ಆ ಕೆಲಸ ಕಲಿಯೋಕೆ ಏನು ಓದಬೇಕು ಎಂದು ಕೇಳಿದಳು.

ಭಾವ ಆರನೇ ಸಾಲಿನಿಂದ ಮುಂದಕ್ಕೆ ಬಾಗಿ, “ನಮ್ಮ ಮನೆಯಲ್ಲಿ ಇಷ್ಟು ಮಾತಾಡಲ್ಲ ಇವಳು,” ಎಂದು ಅಳಿಯನಿಗೆ ಹೇಳಿದ. ಮಾಮ ಅಕ್ಕನ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬಾಯಿತುಂಬ ನಗುತ್ತ, ವೇದಿಕೆಯ ಮೇಲೆ ಕೂತ ತನ್ನ ಅಕ್ಕನನ್ನು ನೋಡುತ್ತಿದ್ದ.