ಒಂದು ಮೊರ ನುಚ್ಚಿಗೆ ಕೊಂಡ ಮಗಳು

ಇದು ೨೦೦೮ರ ಮಾತು. ದೀಪಾವಳಿ ಮುಗಿದು ಹೊಲಗಳಲ್ಲಿ ಶೇಂಗಾ ಕೀಳುವ ಕೆಲಸ ಮುಗಿಯುತ್ತ ಬಂದಿತ್ತು. ಕೊಟ್ಟೂರಿನಲ್ಲಿ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ನಾನು ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೆ, ಈಗಲೂ ಅದೇ ಕೆಲಸ. ಇತ್ತೀಚೆಗೆ ಬ್ಲೌಸಿನ ಅಳತೆ ಕೊಡಲು ಬಂದವರು ಯಾರಾದರೂ ಮೊಬೈಲಿನಲ್ಲಿ ಯಾವುದೋ ಕೊಲೆಯ ಸುದ್ದಿ ತೆಗೆದು, "ಈ ಕೇಸಿನಾಗ ನನಗ್ಯಾಕೋ ಆ ಹೆಂಗಸಿನ ಮ್ಯಾಲೇ ಡೌಟು ನೋಡ್ರಿ" ಎಂದು ಶುರು ಮಾಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. "ನೀನು ಕೋರ್ಟೇನವ್ವಾ? ಮೊದಲು ಸರಿಯಾಗಿ ನಿಂತು ಅಳತಿ ಕೊಡು" ಎಂದುಬಿಡುತ್ತೇನೆ. ನನ್ನ ಬಾಯಿ ಜೋರು ಅನ್ನುವವರಿಗೆ ಆ ವರ್ಷ ನಡೆದದ್ದು ಗೊತ್ತಿಲ್ಲ.

ನಮ್ಮ ಮನೆಗೆ ಗೋಡೆ ಹತ್ತಿದ ಮನೆ ಕೊಟ್ರಮ್ಮನದು. ಅವಳ ಗಂಡ ಅಂಜಿನಪ್ಪ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡುತ್ತಿದ್ದ. ಕೊಟ್ರಮ್ಮನಿಗೆ ಎರಡು ಕೂಸುಗಳು ಹುಟ್ಟಿ, ಎರಡೂ ತೊಟ್ಟಿಲಿಗೆ ಹಾಕುವ ಮೊದಲೇ ಹೋಗಿದ್ದವು. ಮೂರನೆಯದು ಹೆಣ್ಣು ಹುಟ್ಟಿದಾಗ ಅವಳ ಅತ್ತೆ ನಮ್ಮ ಕಡೆ ಎಲ್ಲರೂ ಮಾಡುವುದನ್ನೇ ಮಾಡಿದರು. ಕೂಸನ್ನು ಮೊರದಲ್ಲಿ ಮಲಗಿಸಿ, ಒಂದು ಗಳಿಗೆ ತಿಪ್ಪೆಯ ಮೇಲಿಟ್ಟು, "ಬ್ಯಾಡಾದ ಕೂಸೈತಿ, ಯಾರರ ಕೊಳ್ರೇ" ಎಂದು ಕೂಗಿದರು. ಬೇಡದ ಕೂಸು, ಮಾರಿಹೋದ ಕೂಸು ಎಂದರೆ ಸಾವು ಅದರ ಕಡೆ ತಿರುಗಿ ನೋಡುವುದಿಲ್ಲ ಎಂದು ನಂಬಿಕೆ. ಕೊಳ್ಳುವವಳು ಮಾತ್ರ ಹೆತ್ತ ಮಕ್ಕಳೆಲ್ಲ ಬದುಕಿದವಳಾಗಿರಬೇಕು. ನನ್ನ ಎರಡೂ ಗಂಡುಮಕ್ಕಳು ಗುಂಡುಕಲ್ಲಿನಂತೆ ಓಡಾಡಿಕೊಂಡಿದ್ದವು. ಹಾಗಾಗಿ ನಾನು ಒಂದು ಮೊರ ಜೋಳದ ನುಚ್ಚು ಕೊಟ್ಟು ಕೂಸನ್ನು ಕೊಂಡೆ. ತಿಪ್ಪೆಯ ಮೇಲಿಂದ ಬಂದವಳೆಂದು ತಿಪ್ಪಮ್ಮ ಎಂದು ಹೆಸರಾಯಿತು.

ಕೊಂಡೆ ಎಂದರೆ ಹೆಸರಿಗಷ್ಟೇ. ಕೂಸು ಹಾಲು ಕುಡಿಯುವುದು, ಮಲಗುವುದು, ಬೆಳೆಯುವುದು ಎಲ್ಲ ಹೆತ್ತವಳ ಹತ್ತಿರವೇ. ಮದುವೆ ಗೊತ್ತಾದಾಗ ತಾಯಿ ಬಂದು ಕೊಂಡವಳಿಗೆ ಸೀರೆ ಉಡಿಸಿ ಮಗಳನ್ನು ಬಿಡಿಸಿಕೊಳ್ಳಬೇಕು. "ಇಳಕಲ್ ಸೀರಿ ತಂದ್ರಷ್ಟ ಬಿಡ್ತೀನಿ ನೋಡು" ಎಂದು ನಾನು ಕೊಟ್ರಮ್ಮನನ್ನು ಕಾಡಿಸುತ್ತಿದ್ದೆ. "ಅಷ್ಟ್ ತುಟ್ಟಿ ಆದ್ರ ನೀನ ಇಟ್ಗ ಅಕ್ಕಾ" ಎಂದು ಅವಳು ನಗುತ್ತಿದ್ದಳು. ತಿಪ್ಪಿ ನನ್ನನ್ನು 'ಕೊಂಡವ್ವ' ಎಂದು ಕರೆಯುತ್ತಿದ್ದಳು. ಶಾಲೆಯಲ್ಲಿ ಅವಳ ಹೆಸರು ಪೂಜಾ. ಶಾಲೆ ಬಿಟ್ಟ ಮೇಲೆ ನನ್ನ ಮಿಷನ್ನಿನ ಕೆಳಗೆ ಕೂತು, ಬಿದ್ದ ಬಟ್ಟೆ ಚೂರುಗಳನ್ನು ಆರಿಸಿ ಗೊಂಬೆಗೆ ಲಂಗ ಸುತ್ತುತ್ತಿದ್ದಳು. ಪೆಡಲಿಗೆ ಕೈ ಸಿಕ್ಕೀತೆಂದು ದಿನಾ ಬೈಯುತ್ತಿದ್ದೆ. ದಿನಾ ಅಲ್ಲೇ ಕೂರುತ್ತಿದ್ದಳು.

ಒಂದು ಸಂಜೆ ತಿಪ್ಪಿ ಅಂಗಡಿಗೆ ಸಕ್ಕರೆ ತರಲು ಹೋದವಳು ಬರಲಿಲ್ಲ. ಎರಡನೇ ಕ್ಲಾಸಿನ ಹುಡುಗಿ. ಓಣಿಯವರೆಲ್ಲ ಹುಡುಕಿದರು, ಪೊಲೀಸರಿಗೆ ಹೇಳಿದರು, ಅಂಜಿನಪ್ಪನ ಜೊತೆಯ ಹಮಾಲರು ಸೈಕಲ್ ಹತ್ತಿ ಉಜ್ಜಿನಿಯವರೆಗೂ ಹೋಗಿ ಬಂದರು. ಮೂರನೆಯ ದಿನ ಊರಾಚೆಯ ಹಾಳು ಕಲ್ಲುಗಣಿಯ ಹೊಂಡದಲ್ಲಿ ಕೂಸು ಸಿಕ್ಕಿತು. ಯಾರೋ ಕೊಂದಿದ್ದರು. ಅದಕ್ಕಿಂತ ಹೆಚ್ಚು ಬರೆಯಲು ನನ್ನಿಂದಾಗದು. ಆಸ್ಪತ್ರೆಯಿಂದ ತಂದ ದಿನವೇ ಸಂಜೆಗೆ ಮಣ್ಣು ಮಾಡಿದರು. ಅಂಥ ಕೂಸನ್ನು ನಮ್ಮಲ್ಲಿ ಮನೆಯಲ್ಲಿ ಇಟ್ಟುಕೊಂಡು ಕೂರುವುದಿಲ್ಲ.

ಇನ್ನು ವೀರೇಶನ ವಿಚಾರ. ಬಸ್‌ಸ್ಟ್ಯಾಂಡಿನ ಹತ್ತಿರ ಅವನದೊಂದು ಇಂಟರ್ನೆಟ್ ಅಂಗಡಿ. ಮೂರು ಕಂಪ್ಯೂಟರು, ಒಂದು ಜೆರಾಕ್ಸ್ ಮಿಷನ್ನು. ಮನುಷ್ಯ ಕೆಟ್ಟವನೇನಲ್ಲ, ಹೆಂಡತಿ ಮಕ್ಕಳು ಇದ್ದವನು. ಆದರೆ ಬಾಯಿಗೆ ಜಿಪ್ಪು ಇಲ್ಲ. ಪೇಪರಿನಲ್ಲಿ ಸುದ್ದಿ ಬಂದ ದಿನವೇ ಇಂಟರ್ನೆಟ್ಟಿನಲ್ಲಿ ಯಾವುದೋ ಒಂದು ಗುಂಪಿನವರು ನಮ್ಮ ತಿಪ್ಪಿಯ ವಿಷಯ ಹಿಡಿದುಕೊಂಡು ಕೂತಿದ್ದರಂತೆ. ಬೆಂಗಳೂರು, ಮುಂಬೈ, ದುಬೈ, ಎಲ್ಲೆಲ್ಲಿಂದಲೋ. ಕೂಸನ್ನು ಯಾರು ಕೊಂದರು ಎಂದು ಕುರ್ಚಿಯ ಮೇಲೆ ಕೂತೇ ಕಂಡುಹಿಡಿಯುವುದು ಅವರ ಹವ್ಯಾಸ. ವೀರೇಶ ಅಲ್ಲಿಗೆ ಹೋಗಿ, ತಾನು ಕೊಟ್ಟೂರಿನವನೇ, ಮನೆ ಗೊತ್ತು, ಎಂದು ಬರೆದ. ಆಮೇಲೆ ಅವನೇ ಅಲ್ಲಿನ ಹೀರೋ. ಅವರು ಕೇಳಿದ್ದಕ್ಕೆಲ್ಲ ಇವನು ಉತ್ತರ ಕೊಟ್ಟ. ಆ ಜೋರಿನಲ್ಲಿ, "ಈ ಕೂಸನ್ನು ಹುಟ್ಟಿದಾಗಲೇ ಪಕ್ಕದ ಮನೆಯ ಟೇಲರ್ ಹೆಂಗಸು ಕೊಂಡಿದ್ದಳು" ಎಂದೂ ಬರೆದ. ನಮ್ಮೂರಿನಲ್ಲಿ ಈ ಮಾತು ಕೇಳಿ ಯಾರೂ ತಲೆ ಎತ್ತಿ ಕೂಡ ನೋಡುವುದಿಲ್ಲ. ಅದಕ್ಕೇ ಅವನಿಗೆ ಬಿಡಿಸಿ ಹೇಳಬೇಕು ಅಂತಲೇ ಹೊಳೆಯಲಿಲ್ಲ.

ಅಲ್ಲಿಗೆ ಎತ್ತು ಈಯಿತು, ಅವರು ಕೊಟ್ಟಿಗೆಗೆ ಕಟ್ಟಿದರು. ಮಕ್ಕಳ ಮಾರಾಟದ ಜಾಲ! ಟೇಲರ್ ಅಂಗಡಿ ಬರೀ ತೋರಿಕೆಗೆ! ಒಬ್ಬನಿಗೆ ಕೂಸಿಗೆ ಎರಡು ಹೆಸರು ಯಾಕೆ ಎಂದು ಅನುಮಾನ. ಇನ್ನೊಬ್ಬನಿಗೆ ಅದೇ ದಿನ ಯಾಕೆ ಮಣ್ಣು ಮಾಡಿದರು, ಏನು ಮುಚ್ಚಿಡಲು ಎಂದು ಅನುಮಾನ. 'ಹದ್ದಿನಕಣ್ಣು' ಎಂದು ಹೆಸರಿಟ್ಟುಕೊಂಡ ಒಬ್ಬ ಮಹಾಶಯನಂತೂ, ಕೂಸು ಆಕೆಯನ್ನು 'ಕೊಂಡವ್ವ' ಎಂದು ಕರೆಯುತ್ತಿತ್ತು, ಅಂದರೆ ಬುದ್ಧಿ ಬಂದಾಗಿನಿಂದ ಹೆದರಿಸಿ ಇಟ್ಟಿದ್ದರು ಎಂದು ಉದ್ದಕ್ಕೆ ಬರೆದಿದ್ದ. ಕೊಟ್ಟೂರು ಯಾವ ದಿಕ್ಕಿಗೆ ಇದೆ ಎಂದು ಅವನಿಗೆ ಗೊತ್ತಿತ್ತೋ ಇಲ್ಲವೋ.

ಇಂಟರ್ನೆಟ್ಟಿನೊಳಗೇ ಕೊಳೆತು ಹೋಗಿದ್ದರೆ ಆಗುತ್ತಿತ್ತು. ವೀರೇಶ ಅದರ ಪ್ರಿಂಟ್ ತೆಗೆದ. ಪ್ರಿಂಟಿನ ಜೆರಾಕ್ಸ್ ಆಯಿತು. ಅದು ಚಹಾದಂಗಡಿಗೆ ಬಂತು, ಕಟಿಂಗ್ ಶಾಪಿಗೆ ಬಂತು, ಕೂಡ್ಲಿಗಿ ಬಸ್ಸು ಹತ್ತಿತು. ತಿಪ್ಪೆಯ ಮೇಲಿಂದ ಮಕ್ಕಳನ್ನು ಕೊಂಡ ನಮ್ಮ ಜನವೇ ಅದನ್ನು ಓದಿ ತಲೆ ಆಡಿಸಿದರಲ್ಲ, ನನಗೆ ಅದೇ ಸೋಜಿಗ. ತಮ್ಮ ಮನೆಯಲ್ಲೇ ಹೀಗೇ ಮಾರಿ ಹೆಸರಿಟ್ಟ ಒಬ್ಬ ಗುಂಡಪ್ಪ, ಒಬ್ಬಳು ತಿಪ್ಪವ್ವ ಇದ್ದವರಿಗೂ, ಅಚ್ಚಿನಲ್ಲಿ ಓದಿದ ಕೂಡಲೇ ತಮ್ಮ ಪದ್ಧತಿ ಯಾವುದೋ ಪರದೇಶದ ಕಳ್ಳತನದಂತೆ ಕಂಡಿತು. "ಅಷ್ಟು ಓದಿದವ್ರು ಸುಮ್ಮನ ಬರೀತಾರೇನು?" ಎಂದರು. ಹೊಲಿಯಲು ಕೊಟ್ಟ ಬಟ್ಟೆಯನ್ನು ಇಬ್ಬರು ವಾಪಸು ತೆಗೆದುಕೊಂಡು ಹೋದರು. ಹಡಗಲಿಯಿಂದ ನಾದಿನಿ ಫೋನ್ ಮಾಡಿ, "ಏನ್ ವೈನಿ, ಇಲ್ಲಿ ಏನೇನೋ ಅಂತಾರ" ಎಂದಳು. ಕಂಡಕ್ಟರ್ ಆಗಿದ್ದ ನಮ್ಮ ಮನೆಯವರು, "ಸುಮ್ಮನಿರು, ನಾಲ್ಕು ದಿನ ಮಾತಾಡಿ ಮರೀತಾರ" ಎಂದು ಡ್ಯೂಟಿಗೆ ಹೋದರು.

ಪೊಲೀಸ್ ಸ್ಟೇಷನ್ನಿಗೂ ಕರೆಸಿದರು. ಸಬ್ ಇನ್‌ಸ್ಪೆಕ್ಟರು ಮೈಸೂರು ಕಡೆಯವರು. "ನೀವು ಮಗು ಖರೀದಿ ಮಾಡಿದ್ರಂತೆ, ಹೌದಾ ಅಮ್ಮಾ?" ಎಂದರು. "ಹೌದ್ರಿ ಸಾಹೇಬ್ರ, ಒಂದು ಮೊರ ನುಚ್ಚಿಗೆ" ಎಂದು ಎಲ್ಲ ಹೇಳಿದೆ. ಕೇಳಿದರು, ಎರಡು ಪ್ರಶ್ನೆ ಹಾಕಿದರು, "ಸರಿ, ಹೋಗಿ ಬನ್ನಿ" ಎಂದರು. ಪೊಲೀಸರಿಗೆ ಒಂದು ಚಹಾ ಕುಡಿಯುವಷ್ಟರಲ್ಲಿ ತಿಳಿದದ್ದು ಆ ಪತ್ತೇದಾರರಿಗೆ ತಿಳಿಯಲೇ ಇಲ್ಲ.

ನಾನು ಅಲ್ಲಿಂದ ನೆಟ್ಟಗೆ ವೀರೇಶನ ಅಂಗಡಿಗೆ ನಡೆದೆ. "ಏನಪಾ, ನನ್ನ ವಿಚಾರ ಬರದಿಯಂತಲ್ಲ, ಈಗ ನಾನು ಹೇಳಿದ್ದನ್ನೂ ಬರಿ" ಎಂದೆ.

ಅವನ ಮುಖ ಇಷ್ಟಾಯಿತು. "ಅಕ್ಕಾರ, ನಾನು ಇದ್ದದ್ದ ಬರದೀನ್ರಿ. ಸುಳ್ಳು ಬರದಿಲ್ಲ."

"ಅರ್ಧ ಬರದೀಯಲ್ಲ, ಉಳಿದರ್ಧ ನಿಮ್ಮಪ್ಪ ಬರೀತಾನ?"

ಪಕ್ಕದಲ್ಲೇ ಕುರ್ಚಿ ಹಾಕಿ ಕೂತೆ. ತಿಪ್ಪೆ, ಮೊರ, ನುಚ್ಚು, ಸೀರೆ, ಒಂದೂ ಬಿಡದೆ ಹೇಳಿದೆ. ಅವನು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿದ. ಕೊನೆಗೆ, ಆ ಕೂಸಿನ ತಾಯಿ ಇಲ್ಲೇ ಗೋಡೆಯ ಆಚೆ ಅಳುತ್ತಿದ್ದಾಳೆ, ದೇವರ ಹೆಸರಿನಲ್ಲಿ ಇದನ್ನು ನಿಲ್ಲಿಸಿ ಎಂದೂ ಬರೆಸಿದೆ. ಸ್ವಲ್ಪ ಹೊತ್ತಿಗೆ ಉತ್ತರಗಳು ಬಂದವು. ಒಬ್ಬಾಕೆ ಮಾತ್ರ, ನಮ್ಮಜ್ಜಿ ಊರಲ್ಲೂ ಹೀಗೆ ಮಾಡುತ್ತಾರೆ, ಬಿಟ್ಟುಬಿಡಿ ಎಂದಿದ್ದಳು. ಅವಳ ಮಾತಿಗೆ ಯಾರೂ ಕಿವಿಗೊಡಲಿಲ್ಲ. ಹದ್ದಿನಕಣ್ಣು ಬರೆದದ್ದನ್ನು ವೀರೇಶ ತಡವರಿಸುತ್ತ ಓದಿದ: "ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು. ಕೊಂಡದ್ದನ್ನು ಈಗ ಅವರೇ ಒಪ್ಪಿದ್ದಾರೆ, ಗಮನಿಸಿ."

ಏನು ಮಾಡೋಣ ಹೇಳಿ? ಸುಮ್ಮನಿದ್ದರೆ ಮುಚ್ಚಿಡುತ್ತಾಳೆ. ಮಾತಾಡಿದರೆ ಒಪ್ಪಿಕೊಂಡಳು. ಆ ಮನುಷ್ಯ ಎದುರಿಗಿದ್ದಿದ್ದರೆ ನನ್ನ ಕತ್ತರಿಯ ಹಿಡಿಯಿಂದಲೇ ತಲೆಗೆ ಒಂದು ಮೊಟಕುತ್ತಿದ್ದೆ. ಅವನಿಗೆ ಮುಖವೇ ಇಲ್ಲ, ಎಲ್ಲಿಗೆ ಅಂತ ಹೋಗಲಿ? ವೀರೇಶನ ಕಂಪ್ಯೂಟರಿನ ವೈರು ಕಿತ್ತು ಬಂದೆ.

ನನ್ನ ನಿಜವಾದ ಹೆದರಿಕೆ ಬೇರೆ ಇತ್ತು. ಮಣ್ಣು ಮಾಡಿದ ದಿನ ನನ್ನ ಹೆಗಲ ಮೇಲೆ ಬಿದ್ದು ಅತ್ತಿದ್ದ ಕೊಟ್ರಮ್ಮ ಆಮೇಲೆ ನನ್ನ ಕಡೆ ನೋಡಿರಲಿಲ್ಲ. ಅಂಜಿನಪ್ಪನ ಅಣ್ಣ ಹರಪನಹಳ್ಳಿಯಿಂದ ಬಂದಿದ್ದವನು, ಆ ಜೆರಾಕ್ಸ್ ಹಾಳೆಗಳನ್ನು ಅವರ ಪಡಸಾಲೆಯಲ್ಲಿ ಕೂತು ಜೋರಾಗಿ ಓದುತ್ತಿದ್ದುದು ನಮ್ಮ ಗೋಡೆಯ ಈಚೆಗೇ ಕೇಳಿಸುತ್ತಿತ್ತು. ನಾನು ರೊಟ್ಟಿ ಬಡಿದು ಕಳಿಸಿದ್ದೆ. ರೊಟ್ಟಿಯ ಬುಟ್ಟಿ ಮುಚ್ಚಿದ್ದು ಮುಚ್ಚಿದ ಹಾಗೇ ನನ್ನ ಕಟ್ಟೆಯ ಮೇಲೆ ವಾಪಸು ಬಂದಿತ್ತು. ಊರು ಏನಾದರೂ ಅನ್ನಲಿ, ಹದ್ದಿನಕಣ್ಣಿನವನು ಏನಾದರೂ ಬರೆದುಕೊಳ್ಳಲಿ, ಆ ಬುಟ್ಟಿಯನ್ನು ಒಳಗೆ ತರಲು ಮನಸ್ಸಾಗದೆ ಕತ್ತಲಾಗುವವರೆಗೂ ಕಟ್ಟೆಯ ಮೇಲೇ ಬಿಟ್ಟಿದ್ದೆ. ಏಳು ವರ್ಷ ನನ್ನ ಮಿಷನ್ನಿನ ಕೆಳಗೆ ಬೆಳೆದ ಕೂಸಿಗೆ ನಾನು ಅಳುವ ಹಾಗೂ ಇರಲಿಲ್ಲ, ಅತ್ತರೆ ನಾಟಕ ಅನ್ನುತ್ತಿದ್ದರು.

ಮಣ್ಣು ಮಾಡಿದ ಐದನೆಯ ದಿನ ಹಾಲು-ತುಪ್ಪ ಬಿಡಲು ಕೂಸನ್ನು ಹುಗಿದ ಗುದ್ದಿನ ಹತ್ತಿರ ಹೋಗಬೇಕು. ಬೆಳಗ್ಗೆ ಓಣಿಯ ಹೆಂಗಸರೆಲ್ಲ ಕೊಟ್ರಮ್ಮನ ಬಾಗಿಲಲ್ಲಿ ಸೇರಿದರು. ನನ್ನನ್ನು ಯಾರೂ ಕರೆಯಲಿಲ್ಲ. ತಲೆ ಮೇಲೆ ನೀರು ಹಾಕಿಕೊಂಡು, ಒಂದು ಗಿಂಡಿಯಲ್ಲಿ ಹಾಲು ಹಿಡಿದು, ನನ್ನ ಬಾಗಿಲಲ್ಲೇ ನಿಂತಿದ್ದೆ. ಹೋಗಲೋ ಬೇಡವೋ ತಿಳಿಯಲಿಲ್ಲ. ಅಂಜಿನಪ್ಪನ ಅಣ್ಣ ನನಗೆ ಕೇಳಲಿ ಎಂದೇ, "ಆಕಿ ಬರಾದು ಬ್ಯಾಡ. ನಡೀರಿ ನಡೀರಿ" ಎಂದ. ಹೆಂಗಸರು ನೆಲ ನೋಡುತ್ತ ಹೊರಟರು.

ಆಗ ಕೊಟ್ರಮ್ಮ ಒಳಗಿನಿಂದ ಬಂದಳು. ಕಂಕುಳಲ್ಲಿ ಮೊರ ಇತ್ತು. ಹಳೆಯದು, ಸೆಗಣಿ ಸಾರಿಸಿದ್ದು, ಒಂದು ಅಂಚು ಇಲಿ ಕಡಿದದ್ದು. ತಿಪ್ಪಿಯನ್ನು ಮಲಗಿಸಿದ್ದ ಅದೇ ಮೊರ. ಅವಳು ಬೀದಿಗೆ ಇಳಿಯಲಿಲ್ಲ, ನನ್ನ ಕಟ್ಟೆ ಹತ್ತಿದಳು.

"ಅಕ್ಕಾ, ಬಾ" ಎಂದಳು.

ಅಂಜಿನಪ್ಪನ ಅಣ್ಣ, "ಏ ಕೊಟ್ರಮ್ಮಾ" ಎಂದು ಕೂಗಿದ. ಅವಳು ಅವನ ಕಡೆ ತಿರುಗಿ, "ನೀವ್ ಸುಮ್ನಿರ್ರಿ ಭಾವಾ. ನಾನಿನ್ನೂ ಕೂಸಿನ್ನ ಬಿಡಿಸ್ಕಂಡಿಲ್ಲ. ಸೀರಿ ಕೊಟ್ಟಿಲ್ಲ. ಕೂಸು ಇನ್ನೂ ಅಕ್ಕಂದ ಐತಿ. ಆಕಿ ಹಾಲು ಹಾಕ್ಲಾರ್ದ ನಾ ಹೆಂಗ ಹಾಕ್ಲಿ?" ಎಂದಳು.

ಅಂಜಿನಪ್ಪ ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ನಾವಿಬ್ಬರೂ ಮೊರದ ಒಂದೊಂದು ಕಡೆ ಹಿಡಿದುಕೊಂಡು ನಡೆದೆವು. ಮಣ್ಣು ಇನ್ನೂ ಹಸಿಯಿತ್ತು. ಮೊದಲ ಹಾಲು ನಾನು ಬಿಟ್ಟೆ. ಆಮೇಲೆ ಅವಳು.

ನೆನಪಿಡಿ, ಆಗ ಇನ್ನೂ ಯಾರೂ ಸಿಕ್ಕಿರಲಿಲ್ಲ. ಮುಂದೆ ಎಷ್ಟೋ ದಿನಗಳ ಮೇಲೆ ಪೊಲೀಸರು ಒಬ್ಬನನ್ನು ಹಿಡಿದರು. ಊರಿನವನೇ, ಕುಡುಕ. ಕೂಸಿನ ಕಾಲಲ್ಲಿದ್ದ ಬೆಳ್ಳಿ ಚೈನು ಮಾರಲು ಹೋಗಿ ಸಿಕ್ಕಿಬಿದ್ದ. ಜಾಲವೂ ಇಲ್ಲ, ಸಂಚೂ ಇಲ್ಲ. ಗೇಣುದ್ದದ ಬೆಳ್ಳಿಗಾಗಿ ಆ ಪಾಪಿ ಅಷ್ಟು ಮಾಡಿದ್ದ. ಇದನ್ನು ಇಂಟರ್ನೆಟ್ಟಿನ ಆ ಗುಂಪಿಗೂ ಬರೆದೆನೆಂದು ವೀರೇಶ ಬಂದು ತಲೆ ತಗ್ಗಿಸಿ ನಿಂತು ಹೇಳಿದ. "ಅಲ್ಲಿ ಏನಂದ್ರು?" ಎಂದು ಕೇಳಿದೆ. "ಏನೂ ಅನ್ಲಿಲ್ಲ ಅಕ್ಕಾರ. ಅವ್ರೀಗ ಬೇರೆ ಊರಿಂದೊಂದು ಕೂಸಿನ್ ಕೇಸು ಹಿಡ್ದಾರ" ಎಂದ. ತಪ್ಪಾಯಿತು ಅನ್ನಲಿಲ್ಲವೇ ಎಂದೆ. ಇಲ್ಲವೆಂದು ತಲೆಯಾಡಿಸಿ ಅವನು ಅಂಗಡಿಗೆ ಹೋದ. ಹರಪನಹಳ್ಳಿಯ ಭಾವ ಮಾತ್ರ ಬಂದು ಕೈಮುಗಿದ. ಕಣ್ಣಿಗೆ ಕಾಣುವ ಮನುಷ್ಯನಲ್ಲವೇ, ಎಂದಾದರೂ ಎದುರಾಗಬೇಕಲ್ಲ.

ಮುಂದೆ ಬಂದ ಯುಗಾದಿಗೆ ಕೊಟ್ರಮ್ಮ ನಮ್ಮ ಹಿತ್ತಲಲ್ಲಿ ನನ್ನ ಜೊತೆ ಶೇಂಗಾ ಸುಲಿಯುತ್ತ ಕೂತಿದ್ದಳು. ಇದ್ದಕ್ಕಿದ್ದ ಹಾಗೆ, "ಅಕ್ಕಾ, ಒಂದು ಮಾತು ಹೇಳ್ತೀನಿ, ಬೈಬ್ಯಾಡ" ಎಂದಳು. "ಭಾವ ಆ ಹಾಳಿ ಓದಿದ ರಾತ್ರಿ ನಾನೂ ಒಂದ್ಸಲ ಅಂದ್ಕಂಡೆ. ಇದ್ರೂ ಇರಬೌದೇನೋ ಅಂತ. ಬೆಳಕು ಹರಿಯಾತನಾ ಹಂಗ ಅನ್ಸಿತ್ತು."

ನಾನು ಬೈಯಲಿಲ್ಲ. ಮಗಳನ್ನು ಮಣ್ಣಿಗಿಟ್ಟು ಬಂದವಳನ್ನು ಏನಂತ ಬೈಯಲಿ? ಅವಳು ಹೇಳಿದ್ದೇ ದೊಡ್ಡದು. ಅದು ಹೋಗಿ ಹದಿನೈದು ವರ್ಷದ ಮೇಲಾಯಿತು, ನಾವಿಬ್ಬರೂ ಇವತ್ತಿಗೂ ಒಂದೇ ಗೋಡೆಯ ಆಚೆ ಈಚೆ ಇದ್ದೇವೆ. ಬಟ್ಟೆ ವಾಪಸು ಒಯ್ದವರು ಮತ್ತೆ ಬಂದರು, ಊರು ಮರೆಯಿತು, ನಾನೂ ಬಹಳಷ್ಟು ಮರೆತೆ. ಆದರೆ ತನ್ನ ಕೂಸು ಹೋದ ಸಂಕಟದಲ್ಲಿ ಆಕೆ ತಿಪ್ಪಿಯನ್ನಷ್ಟೇ ನೆನೆದು ಅಳಬೇಕಾಗಿದ್ದ ಒಂದು ರಾತ್ರಿಯಿಡೀ ನನ್ನನ್ನು ಅನುಮಾನಿಸುತ್ತ ಕಳೆದಳಲ್ಲ, ಆ ರಾತ್ರಿಯನ್ನು ಅವಳಿಗೆ ಯಾವ ಹದ್ದಿನಕಣ್ಣಿನವನು ಬಂದು ವಾಪಸು ಕೊಡುತ್ತಾನೆ?